ಹನ್ನೊಂದಲ್ಲ, ಏಳು

"ಏಳಾ? ಬರೀ ಏಳಾ?!"

ಆಟ ಮುಗಿದು ಐದು ನಿಮಿಷವೂ ಆಗಿರಲಿಲ್ಲ. ಟಾಲ್ಮಾನ್ ಕಾಲೇಜಿನ ಪುಟ್ಟ ಜಿಮ್ಮಿನಲ್ಲಿ ಜನ ಇನ್ನೂ ಕೋಟು ಹುಡುಕುತ್ತ, ಚೆಲ್ಲಿದ ಪಾಪ್‌ಕಾರ್ನ್ ತುಳಿಯುತ್ತ ಬಾಗಿಲ ಕಡೆ ಸಾಗುತ್ತಿದ್ದರು. ಅಷ್ಟೂ ಜನರ ಎದುರಿಗೇ ರೋಶೆಲ್ ಬ್ಯಾಟಿಸ್ಟ್ ಅಂಕಣದ ಪಕ್ಕದ ಉದ್ದ ಮೇಜಿಗೆ ಎರಡೂ ಕೈ ಊರಿ ನಿಂತಿದ್ದಳು.

ಮೇಜಿನ ಆಚೆ ಕೂತಿದ್ದವನು ಕತ್ತೆತ್ತಲೂ ಇಲ್ಲ. ಲ್ಯಾಪ್‌ಟಾಪಿನ ವೈರು ಸುತ್ತಿಡುತ್ತಿದ್ದ.

"ಏಳು," ಅಂದ. "ಬೋರ್ಡ್ ಮೇಲೂ ಅದೇ ಇದೆಯಲ್ಲ ಮೇಡಮ್."

"ನಾನು ಎಣಿಸಿದ್ದು ಹನ್ನೊಂದು!"

"ಹಾಗಾದ್ರೆ ನೀವು ನಾಲ್ಕು ಜಾಸ್ತಿ ಎಣಿಸಿದ್ದೀರಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು.

ರೋಶೆಲ್ ಏನು ದಾರಿಹೋಕಳಲ್ಲ. ಸೇಂಟ್ ಲೂಯಿಸ್ ಪೈಲಟ್ಸ್ ಎಂಬ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡದ ಸ್ಕೌಟು. ಊರೂರು ತಿರುಗಿ ಕಾಲೇಜು ಹುಡುಗರ ಆಟ ನೋಡಬೇಕು, ಅಳೆಯಬೇಕು, ಜೂನ್ ತಿಂಗಳ ಡ್ರಾಫ್ಟಿನಲ್ಲಿ ತಂಡಗಳು ಸರದಿಯ ಮೇಲೆ ಹುಡುಗರನ್ನು ಆರಿಸಿಕೊಳ್ಳುವಾಗ ಯಾರ ಹೆಸರು ಹೇಳಬೇಕೆಂದು ವರದಿ ಬರೆಯಬೇಕು. ಈ ವರ್ಷ ಬೇಕಾಗಿದ್ದು ಒಬ್ಬ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಕೈಯಲ್ಲಿಟ್ಟುಕೊಂಡು ಉಳಿದ ನಾಲ್ವರನ್ನೂ ಆಡಿಸುವವನು. ಜರಡಿ ಹಿಡಿದು ಹಿಡಿದು ಕೊನೆಗೆ ಉಳಿದದ್ದು ಎರಡೇ ಹೆಸರು. ದೊಡ್ಡ ವಿಶ್ವವಿದ್ಯಾಲಯದ ಟ್ರೆವಾನ್ ಸ್ಟೋಕ್ಸ್, ಆಟಕ್ಕೆ ಒಂಬತ್ತು ಅಸಿಸ್ಟ್. ಅಯೋವಾದ ಈ ಮೂಲೆ ಊರಿನ ಅಮೋಸ್ ಪ್ರೂಯಿಟ್, ಆಟಕ್ಕೆ ಬರೀ ಏಳು.

ಒಬ್ಬ ಕೊಟ್ಟ ಪಾಸಿನಿಂದ ಇನ್ನೊಬ್ಬ ಬುಟ್ಟಿಗೆ ಹಾಕಿದರೆ ಕೊಟ್ಟವನ ಹೆಸರಿಗೆ ಒಂದು ಅಸಿಸ್ಟ್. ಅದು ಹೌದೋ ಅಲ್ಲವೋ ಅಂತ ತೀರ್ಮಾನಿಸುವುದು ಅಂಕಣದ ಪಕ್ಕ ಲೆಕ್ಕ ಬರೆಯುವ ಆಯಾ ಊರಿನ ಮೇಜು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಹಾಗೆ ಎಲ್ಲ ಊರಿನ ಮೇಜುಗಳಿಗೂ ತಮ್ಮ ಹುಡುಗರೇ ಮುದ್ದು. ಆರಿದ್ದರೆ ಎಂಟು ಬರೆಯುತ್ತಾರೆ. ಅದು ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ.

ಆದರೆ ತಮ್ಮ ಹುಡುಗನದನ್ನೇ ಕಡಿಮೆ ಬರೆಯುವ ಮೇಜು? ಹತ್ತು ವರ್ಷದ ಸುತ್ತಾಟದಲ್ಲಿ ಅವಳು ಒಂದನ್ನೂ ಕಂಡಿರಲಿಲ್ಲ!

"ಎರಡನೇ ಭಾಗ ಶುರುವಾದಾಗ ಎಡಗಡೆ ಮೂಲೆಗೆ ಕೊಟ್ಟನಲ್ಲ ಪಾಸು, ಅದು?"

"ತಗೊಂಡವನು ಚೆಂಡನ್ನ ಎರಡು ಸಲ ನೆಲಕ್ಕೆ ಬಡಿದು, ಒಬ್ಬನನ್ನ ಯಾಮಾರಿಸಿ, ಆಮೇಲೆ ಹಾಕಿದ. ಅದು ಅವನ ಸ್ವಂತ ದುಡಿಮೆ. ಅಮೋಸ್ ಹೆಸರಿಗೆ ಯಾಕೆ ಬರೀಲಿ?"

"ಜಗತ್ತಲ್ಲಿ ಎಲ್ಲರೂ ಬರೀತಾರೆ ಕಣ್ರೀ!"

"ಬರೀಲಿ. ಜಗತ್ತಿನ ಮೇಜು ನನ್ನದಲ್ಲ."

"ನಿಮ್ಮೂರ ಹುಡುಗನ ಹೊಟ್ಟೆ ಮೇಲೆ ನೀವೇ ಹೊಡೀತಿದ್ದೀರಿ, ಗೊತ್ತಾ?"

ಈಗ ಅವನು ಕತ್ತೆತ್ತಿದ. ಮೂವತ್ತೈದರ ಆಸುಪಾಸು, ಕನ್ನಡಕ, ಹಣೆಯ ಮೇಲೆ ಬಾಚಣಿಗೆ ಕಾಣದ ಹೊಂಬಣ್ಣದ ಕೂದಲು. ಕಣ್ಣಲ್ಲಿ ಮಾತ್ರ ಒಂಚೂರೂ ಅಳುಕಿಲ್ಲ.

"ನಮ್ಮೂರ ಹುಡುಗ ಅಂತ ಕೊಟ್ರೆ ಅದು ಅಸಿಸ್ಟ್ ಅಲ್ಲ ಮೇಡಮ್, ದಾನ. ಅಮೋಸ್‌ಗೆ ದಾನ ಬೇಕಾಗಿಲ್ಲ."

ಹಿಂದಿನ ಸಾಲಿನಿಂದ ಒಂದು ಗಂಟಲು ಗುಡುಗಿತು.

"ಬೇಕು ಅಂತ ನಾನು ಹೇಳಿದ್ನಲ್ಲೋ! ಆ ಮಗು ಹೊಟ್ಟೇಲಿದ್ದಾಗಿಂದ ನಾನು ನೋಡ್ತಿದ್ದೀನಿ, ಅವನು ಕೊಡೋದೆಲ್ಲ ಅಸಿಸ್ಟೇ!"

ಆಕೆ ಅರ್ಲೀನ್ ಪ್ರೂಯಿಟ್. ಅಮೋಸನ ತಾಯಿ, ಊರಿನ ಆಸ್ಪತ್ರೆಯಲ್ಲಿ ನರ್ಸು. ಪ್ರತಿ ಆಟದಲ್ಲೂ ಮೇಜಿನ ಹಿಂದೆಯೇ ಕೂತು ಈತನ ಕಿವಿ ತೂತು ಮಾಡುವುದು ಆಕೆಯ ವ್ರತ.

"ನೋಡಿದ್ರಾ? ಹೆತ್ತ ತಾಯಿ ಬೈದ್ರೂ ಬರೀದವನು, ನೀವು ಬೈದ್ರೆ ಬರೀತೀನಾ?" ಅಂದವನ ತುಟಿಯ ಅಂಚಿನಲ್ಲಿ ನಗು ಇಣುಕಿತು. "ವೆಂಡೆಲ್ ಹುಕ್‌ಸ್ಟ್ರಾ. ಹೈಸ್ಕೂಲಿನಲ್ಲಿ ಗಣಿತ ಹೇಳ್ಕೊಡ್ತೀನಿ. ಜಗಳ ಮುಂದುವರಿಸೋದಾದ್ರೆ ಎದುರುಗಡೆ ಕೆಫೆ ಇದೆ. ನನಗೆ ಹಸಿವು."

'ಎಂಥ ಜಂಭ!' ಅಂದುಕೊಂಡಳು ರೋಶೆಲ್.

ಅಂದುಕೊಂಡು... ಅವನ ಹಿಂದೆಯೇ ಹೋದಳು.

*

ಮೇಜಿನ ಮೇಲೆ ಮಾಂಸ, ಕಾಳು ಹಾಕಿ ಬೇಯಿಸಿದ ಚಿಲ್ಲಿಯ ಬಟ್ಟಲು ಬಂತು. ಅದರ ಪಕ್ಕದಲ್ಲೇ ಅಂಗೈಯಗಲದ ದಾಲ್ಚಿನ್ನಿ ರೋಲು.

"ಇದೇನಿದು? ಖಾರಕ್ಕೆ ಸಿಹಿ ನಂಜಿಕೊಂಡು ತಿಂತೀರಾ?" ಲೂಸಿಯಾನಾದಲ್ಲಿ ಹುಟ್ಟಿ ಗಂಬೋ ಎಂಬ ಖಾರದ ಸಾರು ತಿಂದು ಬೆಳೆದ ನಾಲಿಗೆಗೆ ಗಾಬರಿಯಾಗಿತ್ತು.

"ಅದ್ದಿ ತಿನ್ನಿ."

"ಅದ್ದಿಯಾ?!"

"ನೀವು ಎಣಿಸೋ ರೀತಿ ನೋಡಿದ್ಮೇಲೆ, ಇದೇನು ನಿಮಗೆ ವಿಚಿತ್ರ ಅನ್ನಿಸಬಾರದು."

ಅದ್ದಿ ತಿಂದಳು. ಹಾಳಾದ್ದು, ಚೆನ್ನಾಗಿತ್ತು!

ಲ್ಯಾಪ್‌ಟಾಪ್ ತೆರೆದು ಆ ದಿನದ ಆಟದ ಒಂದೊಂದೇ ಪಾಸನ್ನು ಹಾಕಿ ಕೂತರು. ಹೌದು ಅಂತ ಇವಳು, ಅಲ್ಲ ಅಂತ ಅವನು. ಕೆಫೆಯಾಕೆ ಕುರ್ಚಿ ಎತ್ತಿಡಲು ಶುರುಮಾಡಿದಾಗಲೇ ಇಬ್ಬರಿಗೂ ಹೊತ್ತಿನ ಪರಿವೆ ಬಂದದ್ದು.

ಅಮೋಸನನ್ನು ಅಳೆಯಲು ಇನ್ನೊಂದು ಭೇಟಿ ಸಾಕಿತ್ತು. ರೋಶೆಲ್ ಐದು ಸಲ ಬಂದಳು. ಹಿಮದಲ್ಲಿ ಆರು ಗಂಟೆ ಕಾರು ಓಡಿಸಿಕೊಂಡು! ಕಚೇರಿಗೆ ಹೇಳಿದ್ದು, 'ಹುಡುಗನ ಎಡಗೈ ಇನ್ನೊಂದು ಸಲ ನೋಡ್ಬೇಕು.' ಪಾಪ, ಅಮೋಸನ ಎಡಗೈಯಲ್ಲಿ ಯಾವ ಕೊರತೆಯೂ ಇರಲಿಲ್ಲ ಅಂತ ನಮಗೆ ನಿಮಗೆ ಗೊತ್ತು.

ಎರಡು ಕಿಟಕಿಗಳಲ್ಲಿ ಇಬ್ಬರು ಹುಡುಗರನ್ನು ಅಕ್ಕಪಕ್ಕ ಓಡಿಸಿ ನೋಡುತ್ತಿದ್ದರು.

"ಟ್ರೆವಾನ್ ಜಿಂಕೆ," ಅನ್ನುತ್ತಿದ್ದಳು ಅವಳು. "ಆ ಓಟ, ಆ ಎತ್ತರ ಅಮೋಸ್‌ಗೆ ಎಲ್ಲಿಂದ ಬರ್ಬೇಕು?"

"ಬರಲ್ಲ. ಆದ್ರೆ ಇಲ್ಲಿ ನೋಡಿ. ಟ್ರೆವಾನ್ ಪಾಸ್ ಕೊಡೋದು ತನಗೆ ದಾರಿ ಮುಚ್ಚಿದಾಗ. ಅಮೋಸ್ ಕೊಡೋದು ಗೆಳೆಯನಿಗೆ ದಾರಿ ತೆರೆದಾಗ. ಎರಡೂ ಒಂದೇನಾ?"

ಅವಳು ಬೆರಗಾಗಿ ಅವನನ್ನೇ ನೋಡಿದಳು. ಹತ್ತು ವರ್ಷ ವರದಿ ಬರೆದವಳಿಗೆ ಆ ವಾಕ್ಯ ಹೊಳೆದಿರಲಿಲ್ಲ.

"ಇಷ್ಟು ಗೊತ್ತಿದ್ದೂ ಅವನಿಗೆ ಒಂದು ಅಸಿಸ್ಟ್ ಜಾಸ್ತಿ ಕೊಡಲ್ವಲ್ಲ ನೀವು... ಕಂಜೂಸ್!"

"ಒಂದ್ಸಲ ಸುಳ್ಳು ಬರೆದ್ರೆ ಆಮೇಲೆ ಬರೆದ ನಿಜಕ್ಕೂ ಬೆಲೆ ಇರಲ್ಲ ಮೇಡಮ್. ಹನ್ನೊಂದು ವರ್ಷದಿಂದ ಈ ಮೇಜಲ್ಲಿ ಕೂತಿದ್ದೀನಿ. ನನ್ನ ಹತ್ರ ಇರೋದು ಅದೊಂದೇ."

ಇನ್ನೊಂದು ದಿನ ಮಾತಿಗೆ ಮಾತು ಬಂದು ರೋಶೆಲ್ ತನ್ನ ಕತೆ ಹೇಳಿದಳು. ತಾನೂ ಪಾಯಿಂಟ್ ಗಾರ್ಡೇ. ಕಾಲೇಜಿನ ನಾಲ್ಕನೇ ವರ್ಷ ಮೊಣಕಾಲು ಮುರಿದು ಎಲ್ಲ ಮುಗಿಯಿತು.

"ನಿಮ್ಮ ಸರಾಸರಿ ಎಷ್ಟಿತ್ತು?"

"ಎಂಟೂವರೆ!" ಎದೆಯುಬ್ಬಿಸಿ ಹೇಳಿದಳು.

"ನಿಮ್ಮೂರ ಮೇಜಿನ ಲೆಕ್ಕವಾ?"

ಅವಳು ಕಾಗದದ ಕರವಸ್ತ್ರ ಉಂಡೆ ಮಾಡಿ ಅವನ ಮುಖಕ್ಕೆ ಎಸೆದಳು.

ಮುಂದಿನ ಸಲ ಬಂದಾಗ ಅವನು ತುಸು ನಾಚಿಕೊಂಡು ಒಂದು ಹಾಳೆ ಮುಂದಿಟ್ಟ. ಅವಳು ಕಾಲೇಜಿನಲ್ಲಿ ಆಡಿದ ಹಳೆಯ ಆಟಗಳನ್ನು ಎಲ್ಲೆಲ್ಲಿಂದಲೋ ಹುಡುಕಿ, ಕೂತು ನೋಡಿದ್ದ. ಇಪ್ಪತ್ತೆರಡು ಆಟ!

"ಆರು," ಅಂದ. "ಎಂಟೂವರೆ ಅಲ್ಲ, ಆರು." ಹಾಳೆಯನ್ನು ಅವಳ ಕಡೆ ಸರಿಸಿ ಮತ್ತೆ ಅಂದ, "ಆದ್ರೆ ರೋಶೆಲ್, ಆ ಆರರ ಥರ ಪಾಸು ನಾನು ಇನ್ಯಾರ ಕೈಯಿಂದಲೂ ನೋಡಿಲ್ಲ."

ಮೊಣಕಾಲು ಹೋದ ದಿನವೂ ಅಳದವಳು ಆ ಕೆಫೆಯಲ್ಲಿ ಚಿಲ್ಲಿ ಬಟ್ಟಲ ಮುಂದೆ ಕೂತು ಗಳಗಳ ಅತ್ತುಬಿಟ್ಟಳು. ಅವನು ಕಂಗಾಲಾಗಿ, "ಆರೂವರೆ ಮಾಡ್ಲಾ?" ಅಂದ. ಅಳುತ್ತಲೇ ನಕ್ಕಳು.

ಮಾರ್ಚಿನಲ್ಲಿ ಊರಿನ ಕೊನೆಯ ಆಟ ಮುಗಿದ ಮಧ್ಯಾಹ್ನ, ಅವಳ ಕಾರಿನ ಗಾಜಿಗೆ ಹೆಪ್ಪುಗಟ್ಟಿದ್ದ ಮಂಜನ್ನು ಅವನು ಕೆರೆದು ತೆಗೆಯುತ್ತಿದ್ದ. ಆಗಲೇ ಸ್ವಚ್ಛವಾಗಿದ್ದ ಗಾಜನ್ನು ಮತ್ತೆ ಮತ್ತೆ ಕೆರೆಯುವುದನ್ನು ನೋಡಿ ಅವಳಿಗೆ ಎಲ್ಲ ಅರ್ಥವಾಯಿತು.

"ವೆಂಡೆಲ್, ಗಾಜು ಸವೆದುಹೋಗುತ್ತೆ."

"ಹೋಗ್ಲಿ. ಗಾಜಿಲ್ದೆ ಹೇಗೆ ಹೋಗ್ತೀಯ, ನೋಡೋಣ."

ಹೋಗ್ತೀಯ! ನೀವು ಹೋಗಿ ನೀನು ಬಂದಿತ್ತು. ಅವಳು ಎರಡು ಹೆಜ್ಜೆ ಮುಂದೆ ಬಂದು, ಚಳಿಗೆ ಕೆಂಪಾಗಿದ್ದ ಅವನ ಮುಖವನ್ನು ಕೈಗವಸಿನ ಕೈಗಳಲ್ಲಿ ಹಿಡಿದು ಮುತ್ತಿಟ್ಟಳು. ವಾಹನ ನಿಲ್ಲಿಸುವ ಬಯಲಿನ ಆಚೆ ತುದಿಯಿಂದ ಅರ್ಲೀನ್ ಪ್ರೂಯಿಟ್ ಕೂಗಿದಳು, "ಅಬ್ಬಾ! ಕೊನೆಗೂ ಯಾರಿಗೋ ಏನೋ ಕೊಟ್ನಲ್ಲಪ್ಪ ಈ ಮನುಷ್ಯ!"

*

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ. ರೋಶೆಲ್ ಆಡಿದ್ದೂ ಅಲ್ಲ, ಬರೆದದ್ದು. ಒಂದೇ ಒಂದು ಸಾಲು.

ಮೇ ಕೊನೆಗೆ ಅವಳು ಕೊಟ್ಟ ವರದಿಯಲ್ಲಿ ಟ್ರೆವಾನ್‌ಗಿಂತ ಅಮೋಸನೇ ಮೇಲು ಅಂತ ಬರೆದಿದ್ದಳು. ಅದರ ಮಧ್ಯೆ ಹೀಗೊಂದು ಸಾಲು: 'ಟಾಲ್ಮಾನ್ ಮೇಜಿನ ಅಸಿಸ್ಟ್ ಲೆಕ್ಕ ನಂಬಬೇಡಿ. ನಾನು ಎಣಿಸಿದ್ದನ್ನು ನೋಡಿ.'

ಕಡಿಮೆ ಬರೆಯುತ್ತಾರೆ, ಆ ಹುಡುಗ ನಿಜಕ್ಕೂ ಇನ್ನೂ ದೊಡ್ಡವನು ಅನ್ನುವುದು ಅವಳ ಅರ್ಥ. ಆದರೆ ಸ್ಕೌಟುಗಳ ಬಾಯಲ್ಲಿ 'ಮೇಜು ನಂಬಬೇಡಿ' ಅನ್ನೋ ಮಾತಿಗೆ ಒಂದೇ ಅರ್ಥ. ಹೆಚ್ಚು ಬರೆದು ಮೋಸ ಮಾಡುತ್ತಾರೆ ಅಂತ. ಹತ್ತು ವರ್ಷ ಕೈಗೆ ರೂಢಿಯಾದ ಮಾತು, ಯೋಚಿಸದೆ ಬಿದ್ದುಬಿಟ್ಟಿತ್ತು.

ಮೂರೇ ದಿನಕ್ಕೆ ಆ ಮೊದಲ ವಾಕ್ಯ ಮಾತ್ರ ಡ್ರಾಫ್ಟ್ ಸುದ್ದಿಯ ಜಾಲತಾಣವೊಂದರಲ್ಲಿ ಬಂತು. 'ಅಮೋಸ್ ಪ್ರೂಯಿಟ್ ಲೆಕ್ಕ ಸುಳ್ಳೇ? ಟಾಲ್ಮಾನ್ ಮೇಜನ್ನು ನಂಬಬೇಡಿ ಎನ್ನುತ್ತಾರೆ ಹಿರಿಯ ಸ್ಕೌಟ್.'

ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನಕ್ಕೆ ಅಷ್ಟು ಸಾಕಲ್ಲ!

ರೋಶೆಲ್ ಓಡಿದ್ದು ತಂಡದ ಮ್ಯಾನೇಜರ್ ಗ್ರೇಡಿ ಮೆಕ್‌ಆಲ್ ಕೋಣೆಗೆ.

"ಸರ್, ನನ್ನ ವರದಿ ಹೊರಗೆ ಹೋಗಿದೆ! ಅರ್ಧ ಸಾಲು ಹಾಕಿ..."

"ಗೊತ್ತು." ಗ್ರೇಡಿ ನೆಮ್ಮದಿಯಾಗಿ ಕಾಫಿ ಹೀರಿದ. "ಬಾಗಿಲು ಹಾಕು."

ಅವನ ಮುಖ ನೋಡುತ್ತಿದ್ದಂತೆ ಅವಳಿಗೆ ಹೊಳೆಯಿತು.

"ನೀವೇ... ಹೊರಗೆ ಬಿಟ್ರಾ?"

"ನಿನ್ನ ವರದಿ ಓದಿ ನನಗೂ ಆ ಹುಡುಗ ಬೇಕು ಅನ್ನಿಸಿದೆ. ಆದ್ರೆ ನಮ್ಮ ಸರದಿ ಹದಿನಾರನೇದು. ಅಲ್ಲಿವರೆಗೂ ಅವನು ಉಳೀಬೇಕಲ್ಲ? ನಮಗಿಂತ ಮೊದಲು ಆರಿಸೋ ಹದಿನೈದು ತಂಡಕ್ಕೆ ಸ್ವಲ್ಪ ಅನುಮಾನ ಇರ್ಲಿ ಬಿಡು. ಎಲ್ಲರೂ ಮಾಡೋದೇ."

"ಅಲ್ಲಿ ಒಬ್ಬ ಮನುಷ್ಯ ಇದ್ದಾನೆ ಸರ್! ಅವನ ಹೆಸರು..."

"ಡ್ರಾಫ್ಟ್ ಮುಗಿದ ಮಾರನೇ ದಿನ ನಾನೇ ಪತ್ರ ಬರೀತೀನಿ. ಅಲ್ಲಿವರೆಗೂ ಬಾಯಿಗೆ ಬೀಗ. ಒಳಗಿನ ವರದಿ ಹೊರಗೆ ಆಡಿದವರಿಗೆ ಈ ಆಟದಲ್ಲಿ ಇನ್ನೆಲ್ಲೂ ಕೆಲಸ ಸಿಗಲ್ಲ. ನಿನಗೆ ಹೇಳ್ಬೇಕಾಗಿಲ್ಲ."

ಅತ್ತ ದರಿ, ಇತ್ತ ಪುಲಿ. ಮೊಣಕಾಲು ಮುರಿದ ಮೇಲೆ ಈ ಆಟದಲ್ಲಿ ಅವಳಿಗೆ ಉಳಿದಿದ್ದು ಈ ಕೆಲಸವೊಂದೇ. ಮೈದಾನದಲ್ಲಿ ಹೆಂಗಸಿಗೇನು ಕೆಲಸ ಅನ್ನುವವರ ನಡುವೆ ಹಲ್ಲು ಕಚ್ಚಿ ಗಳಿಸಿದ ಕೆಲಸ.

ಆ ಸಂಜೆ ವೆಂಡೆಲ್ ಫೋನ್ ಮಾಡಿದ.

"ಆ ಸಾಲು ಬರ್ದಿದ್ದು ನೀನಾ?"

"...ಹೌದು. ಆದ್ರೆ ವೆಂಡೆಲ್, ಅದರ ಅರ್ಥ..."

"ಅರ್ಥ ನನಗೆ ಗೊತ್ತು. ನನ್ನನ್ನ ಕಂಜೂಸ್ ಅಂದವಳು ಕಳ್ಳ ಅಂತ ಬರೀತಾಳಾ? ನನ್ನ ಚಿಂತೆ ಅದಲ್ಲ. ಇಲ್ಲಿ ಕಾಲೇಜಿನೋರು ವಿಚಾರಣೆ ಅಂತಿದ್ದಾರೆ. ನೀನೊಂದು ಮಾತು ಹೇಳಿದ್ರೆ ಮುಗೀತು. ಹೇಳ್ತೀಯಲ್ಲ?"

ಅವಳಿಗೆ ಹೇಳ್ತೀನಿ ಅನ್ನಲು ನಾಲಿಗೆ ಹೊರಳಲಿಲ್ಲ.

"ಡ್ರಾಫ್ಟ್... ಡ್ರಾಫ್ಟ್ ಮುಗಿದ ಮೇಲೆ, ವೆಂಡೆಲ್... ಈಗ ಆಗಲ್ಲ..."

"ಸರಿ ಮೇಡಮ್. ನಿಮ್ಮ ಕೆಲಸ ನಿಮಗೆ. ಇಡ್ತೀನಿ."

ಮೇಡಮ್! ಆ ಒಂದು ಮಾತು ಅವಳ ಎದೆಗೆ ಈಟಿಯ ಹಾಗೆ ನಾಟಿತು. ಆಮೇಲೆ ಅವಳು ಎಷ್ಟು ಸಲ ಮಾಡಿದರೂ ಅವನು ಫೋನ್ ಎತ್ತಲಿಲ್ಲ.

*

ದಿನಗಳು ಉರುಳಿದವು. ಜೂನ್ ಅರ್ಧಕ್ಕೆ ಬಂದಾಗ ಅಮೋಸನದೇ ಫೋನ್ ಬಂತು. ತಂಡದಿಂದ ತಂಡಕ್ಕೆ ಪರೀಕ್ಷೆ ಕೊಡುತ್ತ ತಿರುಗುತ್ತಿದ್ದ ಹುಡುಗ, ದನಿಯಲ್ಲಿ ಸುಸ್ತು.

"ಮಿಸ್ ರೋಶೆಲ್, ತೊಂದ್ರೆ ಕೊಟ್ಟೆ ಅನ್ಕೋಬೇಡಿ. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ. ನಿನ್ನ ಅಸಿಸ್ಟಲ್ಲಿ ಸುಳ್ಳೆಷ್ಟು, ನಿಜ ಎಷ್ಟು ಅಂತ. ನನ್ನದು ಹೋಗ್ಲಿ, ಹೇಗೋ ಆಗುತ್ತೆ. ಆದ್ರೆ ಮಿಸ್ಟರ್ ವೆಂಡೆಲ್‌ನ ಮೇಜಿಂದ ಎಬ್ಬಿಸಿದ್ದಾರೆ, ಈ ವಾರವೇ ವಿಚಾರಣೆಯಂತೆ. ಸ್ಕೂಲಿನ ಬೇಸಿಗೆ ತರಗತೀಲಿ ಹುಡುಗರು ಕರಿಹಲಗೆ ಮೇಲೆ 'ಎರಡೂ ಎರಡೂ ಐದು' ಅಂತ ಬರೆದಿದ್ರಂತೆ. ಅವರು ಸುಮ್ನೆ ಒರೆಸಿ ಪಾಠ ಮಾಡಿದ್ರಂತೆ. ನಮ್ಮಮ್ಮ... ನಮ್ಮಮ್ಮ ಅತ್ರು ಮಿಸ್. ಅವರು ಅಳೋದು ನಾನು ನೋಡೇ ಇಲ್ಲ."

ಫೋನ್ ಇಟ್ಟವಳು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲಾರದೆ ಹೋದಳು.

'ಕೆಲಸ ಹೋದ್ರೆ ಏನಾಗ್ತೀನಿ ಅಂತ ಹೆದರಿದೆ. ಉಳಿಸ್ಕೊಂಡು ಏನಾದೆ?'

ಎರಡು ದಿನ ರಜೆ ಹಾಕಿ ಕೂತಳು. ಅಮೋಸನ ಹದಿನಾರು ತವರು ಆಟ, ಟ್ರೆವಾನನ ಹದಿನಾರು. ಎರಡನ್ನೂ ವೆಂಡೆಲ್‌ನ ನಿಯಮದಲ್ಲೇ ಎಣಿಸಿದಳು. ಪಾಸ್ ತೆಗೆದುಕೊಂಡವನು ಚೆಂಡನ್ನು ಎರಡು ಸಲ ಬಡಿದರೆ ಇಲ್ಲ, ಅಷ್ಟೇ. ಟ್ರೆವಾನನ ಒಂಬತ್ತು ಐದಕ್ಕೆ ಇಳಿಯಿತು. ಪಾಪ, ಆ ಹುಡುಗನ ತಪ್ಪೇನಿಲ್ಲ, ಅವನ ಮೇಜಿನ ಔದಾರ್ಯ. ಅಮೋಸನ ಏಳು ಏಳಾಗಿಯೇ ಉಳಿಯಿತು. ಹದಿನಾರು ಆಟದಲ್ಲಿ ವೆಂಡೆಲ್ ಮಾಡಿದ್ದು ಒಂದೇ ಒಂದು ತಪ್ಪು.

ಮಾರನೇ ದಿನ ಬೆಳಗ್ಗೆ ಅವಳು ಕಾರು ಹತ್ತಿದಳು. ದಾರಿಯುದ್ದಕ್ಕೂ ಮೊಣಕಾಲೆತ್ತರದ ಜೋಳದ ಹೊಲಗಳು ಹಿಂದೆ ಸರಿದವು. ಒಂದು ಸಲವೂ ಕಾರು ನಿಲ್ಲಿಸಲಿಲ್ಲ.

ಕಾಲೇಜಿನ ಕ್ರೀಡಾ ಸಮಿತಿ ಮಧ್ಯಾಹ್ನ ಮೂರಕ್ಕೆ ಸೇರಿತ್ತು. ಊರಿನ ಅರ್ಧ ಜನ ಗೋಡೆಗೆ ಒರಗಿ ನಿಂತಿದ್ದರು, ಊರ ಪತ್ರಿಕೆಯ ವರದಿಗಾರನೂ ಇದ್ದ. ವೆಂಡೆಲ್ ಒಂದು ಬದಿಯ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಪರೀಕ್ಷೆಗೆ ಬಂದ ಹುಡುಗನ ಹಾಗೆ ಕೂತಿದ್ದ. ಮೂರು ವಾರದೊಳಗೇ ಇಳಿದುಹೋಗಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಅವನ ಮುಖ ಬಿಳಿಚಿತು.

"ನಾನು ರೋಶೆಲ್ ಬ್ಯಾಟಿಸ್ಟ್. ಆ ಸಾಲು ಬರೆದವಳು."

ವರದಿಗಾರ ಪೆನ್ನು ತೆಗೆದ.

"ಅದರ ಅರ್ಥ, ಈ ಮನುಷ್ಯ ಹೆಚ್ಚು ಬರೀತಾರೆ ಅಂತಲ್ಲ. ಬೇರೆ ಮೇಜುಗಳಿಗಿಂತ ಕಡಿಮೆ ಬರೀತಾರೆ ಅಂತ. ಇಡೀ ದೇಶದಲ್ಲಿ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಮೇಜು ಇದು. ಇಗೋ, ಹದಿನಾರು ಆಟ, ಒಂದೊಂದು ಪಾಸೂ ಇದರಲ್ಲಿದೆ. ಯಾರು ಬೇಕಾದ್ರೂ ಕೂತು ಎಣಿಸ್ಬಹುದು." ಅವಳು ಕಾಗದದ ಕಟ್ಟನ್ನು ಸಮಿತಿಯ ಮುಂದಿಟ್ಟಳು. "ಸಾಲನ್ನ ತುಂಡು ಮಾಡಿದ್ದು ಬೇರೆಯವರು. ಆದ್ರೆ ಗೊತ್ತಿದ್ದೂ ಇಷ್ಟು ದಿನ ಸುಮ್ನಿದ್ದವಳು ನಾನು. ಕೆಲಸಕ್ಕೆ ಹೆದರಿ ಸುಮ್ನಿದ್ದೆ. ಅದಕ್ಕೆ ಬೇರೆ ಕಾರಣ ಏನೂ ಇಲ್ಲ."

ಅರ್ಲೀನ್ ಮೂಗು ಸೀಟಿದ ಸದ್ದು ಇಡೀ ಕೋಣೆಗೆ ಕೇಳಿಸಿತು.

ಸಮಿತಿಯ ಹಿರಿಯರು ಎದ್ದು ಬಂದು ವೆಂಡೆಲ್‌ನ ಕೈ ಕುಲುಕಿದರು. ಅವನು ಜನರ ನಡುವಿನಿಂದ ದಾರಿ ಮಾಡಿಕೊಂಡು ಅವಳ ಹತ್ತಿರ ಬಂದ.

"ಬಂದಿದ್ದಕ್ಕೆ ಥ್ಯಾಂಕ್ಸ್ ಮೇಡಮ್," ಅಂದ. ಅಷ್ಟೇ ಅಂದು ಹೊರಟುಹೋದ.

ಅವಳು ಕಾರಿನ ಹತ್ತಿರ ತಲುಪುವುದರೊಳಗೆ ಸುದ್ದಿ ಎಲ್ಲೆಡೆ ಹಬ್ಬಿತ್ತು. ಫೋನಿನಲ್ಲಿ ಗ್ರೇಡಿಯ ಸಂದೇಶ ಬಂದಿತ್ತು. ಒಂದೇ ಸಾಲು. ನಾಳೆಯಿಂದ ಬರುವುದು ಬೇಡ.

*

ಡ್ರಾಫ್ಟಿನ ಸಂಜೆ ಬರಲೇಬೇಕು ಅಂತ ಅರ್ಲೀನ್ ಹಟ ಹಿಡಿದಳು.

"ನೀನು ಬರ್ಲಿಲ್ಲ ಅಂದ್ರೆ ನಾನೇ ಬಂದು ಎಳ್ಕೊಂಡು ಬರ್ತೀನಿ ಕಣೇ. ನನ್ನ ಮಗ ಇಲ್ಲೇ, ಊರಿನವರ ಜೊತೆ ಕೂತು ನೋಡ್ತಾನಂತೆ."

ರೋಶೆಲ್ ಬಂದಳು. ಮನೆ ಖಾಲಿ ಮಾಡಿ, ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡೇ ಬಂದಳು. ಬೆಳಗ್ಗೆ ಎದ್ದು ಲೂಸಿಯಾನಾದ ತಾಯಿಯ ಮನೆಗೆ ಹೊರಡುವುದು ಅಂತ ನಿಶ್ಚಯ ಮಾಡಿಕೊಂಡಿದ್ದಳು.

ಜಿಮ್ಮಿನಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಊರಿಗೆ ಊರೇ ಬೆಂಚುಗಳ ಮೇಲೆ ಸೇರಿತ್ತು. ಒಂದೊಂದು ತಂಡ ಒಂದೊಂದು ಹೆಸರು ಕರೆದಾಗಲೂ ಎಲ್ಲರೂ ಉಸಿರು ಬಿಗಿಹಿಡಿಯುವುದು, ಅಮೋಸನ ಹೆಸರಲ್ಲವೆಂದು ಗೊತ್ತಾಗಿ ಬಿಡುವುದು. ಏಳು ಆಯಿತು. ಎಂಟು ಆಯಿತು.

ಒಂಬತ್ತನೆಯ ಸರದಿ.

"...ಟಾಲ್ಮಾನ್ ಕಾಲೇಜಿನ ಅಮೋಸ್ ಪ್ರೂಯಿಟ್!"

ಜಿಮ್ಮಿನ ಚಾವಣಿ ಹಾರಿಹೋಗುವಂಥ ಕೂಗು! ಅರ್ಲೀನ್ ಮಗನ ಕುತ್ತಿಗೆಗೆ ಜೋತುಬಿದ್ದಳು. ಆಮೇಲೆ ಅದೇ ಕೈಯಲ್ಲಿ ರೋಶೆಲ್‌ಳನ್ನು ಎಳೆದು ಅಪ್ಪಿಕೊಂಡಳು, ಮೂವರೂ ಸೇರಿ ಅತ್ತರು. ಹದಿನಾರನೆಯ ಸರದಿಯಲ್ಲಿ ಸೇಂಟ್ ಲೂಯಿಸ್ ಟ್ರೆವಾನನನ್ನು ತೆಗೆದುಕೊಂಡಿದ್ದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ.

ವೆಂಡೆಲ್ ಆಚೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಈ ಕಡೆ ತಿರುಗಲಿಲ್ಲ.

ಅವಳು ಮೆಲ್ಲಗೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಜೂನ್ ತಿಂಗಳ ದೀರ್ಘ ಸಂಜೆ, ಆಕಾಶದಲ್ಲಿ ಇನ್ನೂ ಬೆಳಕಿತ್ತು.

'ಸಾಕು. ಅವನ ಹೆಸರು ಉಳೀತು, ಹುಡುಗನೂ ಗೆದ್ದ. ಇದಕ್ಕಿಂತ ಹೆಚ್ಚು ಕೇಳೋ ಮುಖ ನನಗಿಲ್ಲ.'

ಬಾಗಿಲು ಕಿರ್ರೆಂದಿತು. ವೆಂಡೆಲ್ ಬಂದು, ಅವಳಿಂದ ಒಂದು ಮಾರು ದೂರದಲ್ಲಿ ಅದೇ ಮೆಟ್ಟಿಲ ಮೇಲೆ ಕೂತ.

ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ.

"ಒಂದು ತಪ್ಪು ಮಾಡಿದ್ದೀನಂತೆ," ಅಂದ. "ನೀನು ಕೊಟ್ಟ ಕಾಗದದಲ್ಲಿತ್ತು. ಫೆಬ್ರವರಿ ಹನ್ನೆರಡರ ಆಟ. ನಾನು ಮತ್ತೆ ಹಾಕಿ ನೋಡಿದೆ. ಹೌದು. ಅಮೋಸ್ ಪಾಸ್ ಕೊಟ್ಟಿದ್ದು ನನಗೆ ಕಾಣಿಸೇ ಇಲ್ಲ."

"ಯಾಕೆ? ಅಡ್ಡ ಯಾರಾದ್ರೂ ಬಂದ್ರಾ?"

"ಇಲ್ಲ. ನೀನು ಆವತ್ತು ತಡವಾಗಿ ಬಂದೆ. ಬಾಗಿಲಲ್ಲಿ ನಿಂತು ಟೋಪಿ ಮೇಲಿನ ಮಂಜು ಕೊಡವ್ತಿದ್ದೆ. ನಾನು ನಿನ್ನನ್ನ ನೋಡ್ತಿದ್ದೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ವೆಂಡೆಲ್..."

"ತಡಿ, ಹೇಳಿ ಮುಗಿಸ್ತೀನಿ. ನನಗೆ ಮಾತು ಕಷ್ಟ." ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. "ಊರವರು ಕಳ್ಳ ಅಂದ್ರು, ತಡ್ಕೊಂಡೆ. ನೀನು ಸುಮ್ನಿದ್ದೆಯಲ್ಲ, ಅದು ತಡ್ಕೊಳಕ್ಕಾಗ್ಲಿಲ್ಲ. ಹತ್ತೊಂಬತ್ತು ದಿನ ರೋಶೆಲ್. ಒಂದೊಂದು ದಿನವೂ ಎಣಿಸಿದೆ."

"ಗೊತ್ತು. ಅದಕ್ಕೆ ಕ್ಷಮೆ ಇಲ್ಲ ಅಂತಲೂ ಗೊತ್ತು. ನಾನು ಕೇಳೋಕೆ ಬಂದಿಲ್ಲ. ನಾಳೆ ಅಮ್ಮನ ಮನೆಗೆ ಹೊರಡ್ತೀನಿ."

"ನೀನು ಕೇಳ್ತೀಯ ಅಂತ ಒಂದು ವಾರದಿಂದ ಕಾಯ್ದೆ. ಕೇಳಿದ್ರೆ ಏನು ಹೇಳ್ಬೇಕು ಅಂತೆಲ್ಲ ಯೋಚಿಸಿ ಇಟ್ಕೊಂಡಿದ್ದೆ. ಯೋಗ್ಯತೆ ಇದ್ಯಾ ಇಲ್ವಾ, ಎಷ್ಟು ಸರಿ ಎಷ್ಟು ತಪ್ಪು... ನಿನಗೆ ಗೊತ್ತಲ್ಲ ನನ್ನ ಬುದ್ಧಿ." ಅವನು ಕನ್ನಡಕವನ್ನು ಮತ್ತೆ ಹಾಕಿಕೊಂಡ. "ಇವತ್ತು ಅಲ್ಲಿ ಅರ್ಲೀನ್ ನಿನ್ನನ್ನ ಎಳ್ಕೊಂಡು ಅಪ್ಪಿಕೊಂಡ್ಳಲ್ಲ. ಅವಳು ಏನೂ ಲೆಕ್ಕ ಹಾಕ್ಲಿಲ್ಲ. ನಾನು ಎಂಥ ದಡ್ಡ ಅನ್ನಿಸ್ತು. ನೀನು ಕೇಳೋದು ಬೇಡ ರೋಶ್. ಕೇಳದೇನೇ ಕೊಟ್ಟೆ."

ರೋಶೆಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹತ್ತೊಂಬತ್ತು ದಿನದ, ಅಲ್ಲ, ಎಷ್ಟೋ ವರ್ಷದ ಅಳು ಒಟ್ಟಿಗೇ ಬಂತು. ಆ ಒಂದು ಮಾರು ದೂರ ಯಾವಾಗ ಇಲ್ಲವಾಯಿತೋ, ಅವಳ ತಲೆ ಅವನ ಹೆಗಲ ಮೇಲಿತ್ತು.

"ಪ್ರೀತಿಸ್ತೀನಿ ಕಣೋ," ಅಂದಳು ಅಳುವಿನ ಮಧ್ಯೆ. "ಕೆಲಸ ಇಲ್ಲ, ಮನೆ ಇಲ್ಲ, ಮೊಣಕಾಲೂ ಸರಿಯಿಲ್ಲ. ಆದ್ರೂ ಪ್ರೀತಿಸ್ತೀನಿ."

"ನಾನೂ. ಹೋಗ್ಬೇಡ."

ಒಳಗೆ ಯಾರೋ ಡ್ರಮ್ಮು ಬಾರಿಸಲು ಶುರುಮಾಡಿದ್ದರು. ಅವಳು ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು.

"ಎಷ್ಟು ದಿನ ಇರ್ಲಿ?"

ಅವನು ಅವಳ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದುಕೊಂಡ.

"ಇರು," ಅಂದ. "ಅದೊಂದನ್ನ ಎಣಿಸೋದು ಬೇಡ."